ಚೌತಿ ಹತ್ತಿರ ಬಂತು, ಐದು ತರಹದ ಸೇಬು ಒಂದೇ ಕಟ್ಟೆ ಮೇಲೆ ಹೇಗೆ ಇಡುವುದು?

ಕುಮಟಾದ ಕಟ್ಟೆ

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. ಅಪ್ಪನ ಕಾಲದಿಂದ ಅಕ್ಕಿ, ಬೇಳೆ, ಎಣ್ಣೆ, ತೆಂಗಿನಕಾಯಿ, ಮೂಲೆಯಲ್ಲಿ ಒಂದು ಬಾಳೆಗೊನೆ. ಹಣ್ಣು ಅಂತ ಬೇರೆಯಾಗಿ ಶುರು ಮಾಡಿದ್ದು ಹೋದ ವರ್ಷ, ನಾನು. ಪೇರಲೆ, ಕಿತ್ತಳೆ, ದಾಳಿಂಬೆ ಹೇಗೋ ನಡೆಯುತ್ತದೆ. ಸೇಬು ಮಾತ್ರ ತಲೆ ತಿನ್ನುತ್ತಿದೆ.

ಈಗ ಅಂಗಡಿಯಲ್ಲಿ ಐದು ತರಹ ಇದೆ. ಶಿಮ್ಲಾ ರಾಯಲ್ ಜಾಸ್ತಿ. ಮತ್ತೆ ಗಾಲಾ, ಹಸಿರು ಸೇಬು, ವಾಷಿಂಗ್ಟನ್ ಅಂತ ಕೊಟ್ಟ ಒಂದು ಪೆಟ್ಟಿಗೆ, ಕಾಶ್ಮೀರಿ ಅಂತ ಹೇಳಿ ಗಂಟು ಹಾಕಿದ ಎರಡು ಪೆಟ್ಟಿಗೆ. ಎಲ್ಲವನ್ನೂ ಮುಂದಿನ ಕಟ್ಟೆ ಮೇಲೆ ರಾಶಿ ಹಾಕಿದ್ದೇನೆ. ನೋಡಲು ಚೆಂದ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಗಿರಾಕಿ ಬಂದವರು ಅಡಿಯಿಂದಲೇ ಎಳೆಯುತ್ತಾರೆ, ರಾಶಿ ಜಾರುತ್ತದೆ, ನಾಲ್ಕು ಹಣ್ಣು ಕೆಳಗೆ ಉರುಳುತ್ತದೆ, ನಾನು ಒರೆಸಿ ಮತ್ತೆ ಮೇಲೆ ಇಡುತ್ತೇನೆ. ಅಂಗಡಿ ಪಶ್ಚಿಮಕ್ಕೆ ಮುಖ. ಮಳೆ ಬಿಟ್ಟ ದಿನ ಮೂರು ಗಂಟೆ ಆಯಿತೋ ಇಲ್ಲವೋ ಬಿಸಿಲು ನೇರ ಕಟ್ಟೆ ಮೇಲೆ.

ಹೋದ ವಾರ ಕೂತು ಲೆಕ್ಕ ಹಾಕಿದೆ. ರಾಯಲ್ ಪೆಟ್ಟಿಗೆ 20 ಕೆಜಿ, ನನಗೆ ಬಿದ್ದದ್ದು 2400 ರೂಪಾಯಿ. ಕೆಜಿಗೆ 120 ಅಸಲು, 150ಕ್ಕೆ ಮಾರಿದರೆ 30 ಉಳಿಯಿತು ಅಂತ ಖುಷಿಯಲ್ಲಿದ್ದೆ. ಅದರಲ್ಲಿ 3 ಕೆಜಿ ಮೆತ್ತಗಾಗಿ, ಕಪ್ಪಾಗಿ ದನದ ಬಾಯಿಗೆ ಹೋಯಿತು. ಉಳಿದ 17 ಕೆಜಿಗೆ ಹಂಚಿದರೆ ಅಸಲೇ 141. ಗಾಡಿ ಬಾಡಿಗೆ, ಚೀಲ, ಕರೆಂಟು ಸೇರಿಸಿದರೆ ನಾನು ಸೇಬು ಮಾರುತ್ತಿಲ್ಲ, ಊರಿಗೆ ಹಂಚುತ್ತಿದ್ದೇನೆ.

ಇನ್ನೊಂದು ಮರ್ಯಾದೆ ಪ್ರಶ್ನೆ. "ಯಾವುದು ಸಿಹಿ?" ಅಂತ ಕೇಳಿದರೆ ಎಲ್ಲಾ ಸಿಹಿಯೇ ಅಂತ ಹೇಳುತ್ತೇನೆ. ಹಸಿರಿನದಕ್ಕೂ. ಮೊನ್ನೆ ಒಬ್ಬರು ಅದನ್ನು ಕಚ್ಚಿ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ.

ಚೌತಿಗೆ ಮೂರು ವಾರ ಇದೆ. ಯಾವುದನ್ನು ಎಲ್ಲಿ ಇಡಬೇಕು, ಎಷ್ಟು ಇಡಬೇಕು, ತಿಳಿದವರು ಹೇಳಿ. ಗಾಜಿನ ಫ್ರಿಜ್ ತೆಗೆದುಕೊಳ್ಳಿ ಅಂತ ಮಾತ್ರ ಹೇಳಬೇಡಿ. ದುಡ್ಡೂ ಇಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೇ ಗೊತ್ತು.

ಘಟ್ಟದ ಗಾಡಿ

ತಮ್ಮಾ (ಬೇಜಾರು ಮಾಡಿಕೊಳ್ಳಬೇಡ, ಬರೆದ ಧಾಟಿ ನೋಡಿದರೆ ನನಗಿಂತ ಸಣ್ಣವನೇ ಇರಬೇಕು), ಜೋಡಿಸುವುದು ಆಮೇಲಿನ ಮಾತು. ನಿನ್ನ ಕೈಗೆ ಬಂದದ್ದು ಎಂತ ಅಂತ ಮೊದಲು ತಿಳಿದುಕೋ. ನಾನು ಎಂಟು ವರ್ಷ ಹುಬ್ಬಳ್ಳಿ ಎಪಿಎಂಸಿಯಲ್ಲಿ ಒಬ್ಬರ ಕಮಿಷನ್ ಅಂಗಡಿಯಲ್ಲಿ ಇದ್ದೆ, ಈಗ ಅರಬೈಲು ಘಟ್ಟ ಇಳಿದು ಅಂಕೋಲೆ ಕಡೆಗೆ ಹಣ್ಣಿನ ಗಾಡಿ ಓಡಿಸುತ್ತೇನೆ.

ಈಗ ಆಗಸ್ಟ್ ಕೊನೆ. ನಿನ್ನ ಐದರಲ್ಲಿ ಹೊಸ ಕೊಯ್ಲು ಅಂತ ಕಣ್ಣು ಮುಚ್ಚಿ ಹೇಳಬಹುದಾದದ್ದು ಶಿಮ್ಲಾ ರಾಯಲ್ ಒಂದೇ. ಗಾಲಾ ಹಿಮಾಚಲದ್ದಾದರೆ ಅದೂ ಹೊಸದು, ನ್ಯೂಜಿಲೆಂಡ್ ಅಥವಾ ಚಿಲಿಯದ್ದಾದರೆ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ದದ್ದು. ಭೂಮಿಯ ಆ ಬದಿಯಲ್ಲಿ ಕಾಲ ಉಲ್ಟಾ ಅಲ್ವಾ. ವಾಷಿಂಗ್ಟನ್‌ನಲ್ಲಿ ಕೊಯ್ಯುವುದು ಸೆಪ್ಟೆಂಬರ್ ಹೊತ್ತಿಗೆ. ಅಂದರೆ ನಿನ್ನ ಕಟ್ಟೆ ಮೇಲಿರುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ತುಂಬುತ್ತಾ ಬಂತು. ಕಾಶ್ಮೀರದಲ್ಲಿ ಬೇಗ ಬರುವ ಒಂದೆರಡು ಜಾತಿ ಈಗ ಇರುತ್ತವೆ, ಆದರೆ ಅಲ್ಲಿನ ಡೆಲಿಶಿಯಸ್ ಅನ್ನುವ ಕೆಂಪು ಜಾತಿ ಇಳಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಿನ್ನ ಪೆಟ್ಟಿಗೆಯಲ್ಲಿ ಕಡುಕೆಂಪು, ಉದ್ದ ಮೂತಿಯ ಡೆಲಿಶಿಯಸ್ ಇದ್ದರೆ ಅದು ಹೋದ ವರ್ಷದ್ದು, ಕೋಲ್ಡ್ ಸ್ಟೋರೇಜಿನ ಕೊನೆಯ ಗುಡಿಸಿದ ಮಾಲು.

ವರ್ಷದ ಹಣ್ಣು ಅಂದ ಕೂಡಲೇ ವಿಷ ಅಂತ ಹೆದರಬೇಡ. ದೊಡ್ಡ ಸ್ಟೋರೇಜುಗಳಲ್ಲಿ ಕೋಣೆಯ ಗಾಳಿಯನ್ನೇ ಬದಲಿಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಇದ್ದರೆ ಅಲ್ಲಿ ಎರಡು, ಮೂರಕ್ಕೆ ಇಳಿಸಿ, ಸೊನ್ನೆ ಡಿಗ್ರಿ ಹತ್ತಿರ ಇಡುತ್ತಾರೆ. ಹಣ್ಣು ನಿದ್ದೆಗೆ ಹೋದ ಹಾಗೆ. ತೊಂದರೆ ಎಲ್ಲಿ ಅಂದರೆ ಹೊರಗೆ ಬಂದ ಮೇಲೆ ಅದು ಓಡಲು ಶುರು ಮಾಡುತ್ತದೆ. ಮೇಲೆ ಹೊಳಪು ಹಾಗೇ ಇರುತ್ತದೆ, ಒಳಗೆ ಹಿಟ್ಟು ಹಿಟ್ಟು. ಹಾಗಾಗಿ ಈ ಎರಡು ಮಾಲು ನಿನ್ನ ಅಂಗಡಿಯಲ್ಲಿ ಮೂರು, ನಾಲ್ಕು ದಿನಕ್ಕಿಂತ ಜಾಸ್ತಿ ನಿಲ್ಲಬಾರದು. ಮುಂದೆ ಇಟ್ಟು ಮೊದಲು ಖಾಲಿ ಮಾಡು. ರಾಯಲ್ ತಡೆದುಕೊಳ್ಳುತ್ತದೆ.

ಮುಂದಕ್ಕೆ ಗೊತ್ತಿರಲಿ ಅಂತ ಹೇಳುತ್ತೇನೆ. ಜುಲೈಯಲ್ಲಿ ಹಿಮಾಚಲದ ತಗ್ಗಿನ ತೋಟಗಳಿಂದ ಟೈಡ್‌ಮ್ಯಾನ್ ಅನ್ನುವ ಜಾತಿ ಬರುತ್ತದೆ, ಹುಳಿ ಜಾಸ್ತಿ, ಬಾಳಿಕೆ ಕಡಿಮೆ, ನಮ್ಮ ಸೆಕೆಗೆ ಆಗುವುದಿಲ್ಲ. ಆಮೇಲೆ ಗಾಲಾ, ರಾಯಲ್. ಸೆಪ್ಟೆಂಬರ್ ಕೊನೆಯಿಂದ ಕಿನ್ನೋರ್. ಅದು ಎತ್ತರದ ಜಾಗ, ಹಣ್ಣು ಗಟ್ಟಿ, ರೇಟೂ ಗಟ್ಟಿ, ಆದರೆ ಹಾಳಾಗುವುದು ಕಡಿಮೆ ಆದ್ದರಿಂದ ದೀಪಾವಳಿಗೆ ಅದೇ ನೋಡು. ಅಕ್ಟೋಬರ್‌ನಿಂದ ಕಾಶ್ಮೀರದ್ದು ತುಂಬಿ ಹರಿಯುತ್ತದೆ, ಸ್ಟೋರೇಜಿನದ್ದು ಬೇಸಿಗೆಯವರೆಗೆ ಎಳೆಯುತ್ತಾರೆ. ಏಪ್ರಿಲ್‌ನಿಂದ ಜುಲೈವರೆಗೆ ದಕ್ಷಿಣದ ದೇಶಗಳ ಹಣ್ಣು. ಚೈನಾ ಫ್ಯೂಜಿ ಇದೆಯಾ ಅಂತ ಈಗಲೂ ಕೇಳುವವರಿದ್ದಾರೆ. ಚೀನಾದ ಸೇಬಿನ ಆಮದನ್ನು 2017ರಲ್ಲೇ ನಿಲ್ಲಿಸಿದ್ದಾರೆ. ಯಾರಾದರೂ ಅದೇ ಹೆಸರು ಹೇಳಿ ಕೊಟ್ಟರೆ ನಕ್ಕು ಬಿಡು.

ಇನ್ನೊಂದು ತಮಾಷೆ. ಗಿರಾಕಿಗಳು ವಾಷಿಂಗ್ಟನ್ ಬೇರೆ ಕುಲ, ಶಿಮ್ಲಾ ಬೇರೆ ಕುಲ ಅಂದುಕೊಂಡಿದ್ದಾರೆ. ಎರಡೂ ಡೆಲಿಶಿಯಸ್ ಮನೆತನದವು. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿ ಸತ್ಯಾನಂದ ಅಂತ ಹೆಸರು ಇಟ್ಟುಕೊಂಡ ಸ್ಟೋಕ್ಸ್ ಅವರು 1916ರ ಸುಮಾರಿಗೆ ಶಿಮ್ಲಾ ಹತ್ತಿರದ ಕೋಟಗಢದಲ್ಲಿ ನೆಟ್ಟದ್ದೇ ಅದು. ಒಂದು ವಿಮಾನ, ಹಡಗು ಹತ್ತಿ ಬಂತು ಅಂತ ಮರ್ಯಾದೆ ಜಾಸ್ತಿ, ಅಷ್ಟೇ.

ಶಿರಸಿ ಅಕ್ಕ

ಮೇಲಿನ ಅಣ್ಣ ಹೇಳಿದ್ದು ಎಲ್ಲಾ ಸರಿ. ನಾನು ಕಟ್ಟೆ ವಿಷಯಕ್ಕೆ ಬರುತ್ತೇನೆ. ಶಿರಸಿಯಲ್ಲಿ ನಮ್ಮ ಅಂಗಡಿಗೆ ಹನ್ನೊಂದು ವರ್ಷ. ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೇ ಗುಡ್ಡ ಹಾಕಿ ಕೂತಿದ್ದೆ.

ನಮ್ಮ ಕಡೆ ಜನ ಸೇಬನ್ನು ತಿನ್ನಲು ಕೊಳ್ಳುವುದು ಕಡಿಮೆ, ಕೊಡಲು ಕೊಳ್ಳುವುದು ಜಾಸ್ತಿ. ಇದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ನಿಮ್ಮ ಗಿರಾಕಿಗಳನ್ನು ಒಂದು ವಾರ ಸುಮ್ನೆ ನೋಡಿ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋಗುವವರು, ಬಾಣಂತಿ ಮನೆಗೆ ಹೋಗುವವರು, ದೇವರ ನೈವೇದ್ಯಕ್ಕೆ, ಸತ್ಯನಾರಾಯಣ ಕಥೆಗೆ, ಮೇಷ್ಟ್ರ ಮನೆಗೆ. ಇವರಿಗೆ ರುಚಿ ಮುಖ್ಯ ಅಲ್ಲ. ಕೆಂಪಗಿರಬೇಕು, ಒಂದೇ ಅಳತೆ ಇರಬೇಕು, ಕಲೆ ಇರಬಾರದು, ಚೀಲ ಬಿಚ್ಚಿದಾಗ ಮರ್ಯಾದೆ ಉಳಿಯಬೇಕು. ತಿನ್ನುವವರು ಬೇರೆ. ಮಕ್ಕಳ ಡಬ್ಬಿಗೆ ಹಾಕುವವರು, ಶುಗರ್ ಇರುವವರು, ಹಲ್ಲಿಲ್ಲದ ಅಜ್ಜಂದಿರು. ಇವರಿಗೆ ಒಂದು ಬದಿ ಹಳದಿ ಇದ್ದರೂ ನಡೆಯುತ್ತದೆ, ಒಳಗೆ ಚೆನ್ನಾಗಿರಬೇಕು.

ಹಾಗಾಗಿ ನಾನು ಜಾತಿ ನೋಡಿ ಜೋಡಿಸುವುದನ್ನೇ ಬಿಟ್ಟೆ. ಕಟ್ಟೆಯನ್ನು ಎರಡು ಭಾಗ ಮಾಡಿದೆ. ಒಂದು ಕೊಡುವ ಸೇಬು, ಇನ್ನೊಂದು ತಿನ್ನುವ ಸೇಬು. ಬೋರ್ಡಿನಲ್ಲೂ ಹಾಗೇ ಬರೆದಿದ್ದೇನೆ. ಕೊಡುವ ಬದಿಯಲ್ಲಿ ವಾಷಿಂಗ್ಟನ್ ಇದ್ದರೆ ಅದು, ಇಲ್ಲದಿದ್ದರೆ ಒಳ್ಳೆ ಬಣ್ಣದ ದೊಡ್ಡ ರಾಯಲ್. ಆರು ಆರು ಹಣ್ಣು ಜೋಡಿಸಿ ತೂಕ ಮಾಡಿ, ರೇಟು ಬರೆದು ಸಿದ್ಧ ಇಡುತ್ತೇನೆ. ಬಸ್ಸಿಗೆ ಓಡುವವರು ಚೌಕಾಸಿ ಮಾಡದೆ ಎತ್ತಿಕೊಂಡು ಹೋಗುತ್ತಾರೆ. ಮುಖ್ಯ ಅಂದರೆ ಕೈ ಹಾಕಿ ಹೊರಳಿಸುವುದಿಲ್ಲ.

ತಿನ್ನುವ ಬದಿಯಲ್ಲಿ ಗಾಲಾ, ಸಣ್ಣ ರಾಯಲ್, ಹಸಿರು. ಪ್ರತಿಯೊಂದಕ್ಕೂ ಒಂದೇ ಸಾಲು. "ಗಾಲಾ, ಗಟ್ಟಿ, ಸಿಹಿ, ಮಕ್ಕಳ ಡಬ್ಬಿಗೆ." "ರಾಯಲ್, ಪರಿಮಳ, ರಸ ಜಾಸ್ತಿ, ಹೊಸ ಕೊಯ್ಲು." "ಹಸಿರು, ಹುಳಿ, ಉಪ್ಪು ಖಾರ ಹಾಕಿ ತಿನ್ನಿ." ಹುಳಿ ಅಂತ ಬರೆದರೆ ಮಾರಾಟ ನಿಲ್ಲುತ್ತದೆ ಅಂತ ಹೆದರಬೇಡಿ. ಹುಳಿ ಬೇಕು ಅನ್ನುವವರೇ ಹುಡುಕಿಕೊಂಡು ಬರುತ್ತಾರೆ, ಬೇಡ ಅನ್ನುವವರು ನಿಮ್ಮನ್ನು ಬೈಯುವುದು ತಪ್ಪುತ್ತದೆ.

ರಾಶಿ ವಿಷಯ. ಎರಡು ಸಾಲಿಗಿಂತ ಮೇಲೆ ಏರಿಸಬೇಡಿ, ತೀರಾ ಆದರೆ ಮೂರು. ಸೇಬು ನೋಡಲು ಗಟ್ಟಿ, ಆದರೆ ಒಂದು ಗೇಣು ಎತ್ತರದಿಂದ ಸಿಮೆಂಟಿನ ಮೇಲೆ ಬಿದ್ದರೂ ಒಳಗೆ ಪೆಟ್ಟಾಗುತ್ತದೆ. ಆಗ ಕಾಣುವುದಿಲ್ಲ. ಮರುದಿನ ಕಂದು ಕಲೆ ಏಳುತ್ತದೆ. ನಿಮ್ಮ 3 ಕೆಜಿಯಲ್ಲಿ ಅರ್ಧ ಹೀಗೆ ಉರುಳಿ, ನೀವು ಒರೆಸಿ ಮತ್ತೆ ಇಟ್ಟ ಹಣ್ಣುಗಳೇ ಇರಬೇಕು. ತುಂಬಿದ ಹಾಗೆ ಕಾಣಬೇಕಾದರೆ ಹಿಂದೆ ಎತ್ತರ, ಮುಂದೆ ತಗ್ಗು ಮಾಡಿ ಇಳಿಜಾರು ಹಲಗೆ ಹಾಕಿ, ಅಡಿಗೆ ಖಾಲಿ ಕ್ರೇಟು ಬೋರಲು. ಹಣ್ಣು ಅರ್ಧ, ನೋಟ ಪೂರ್ತಿ. ಪೆಟ್ಟಿಗೆಯಲ್ಲಿ ಬರುವ ಗುಳಿ ಗುಳಿ ಇರುವ ಕಾಗದದ ತಟ್ಟೆ ಎಸೆಯುತ್ತೀರಲ್ಲ, ಅದನ್ನೇ ಹಾಸಿ. ನಾನು ಕೆಲವು ಕಡೆ ಅಡಿಕೆ ಹಾಳೆ ಹಾಸುತ್ತೇನೆ. ಮೆತ್ತಗೂ ಇರುತ್ತದೆ, ಆ ಮಣ್ಣು ಬಣ್ಣದ ಮೇಲೆ ಕೆಂಪು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ, ಹಾಳೆಗೆ ಬೂಸರು ಬಂದರೆ ಹಣ್ಣಿಗೂ ಬರುತ್ತದೆ.

ತೊಟ್ಟು ಅಡ್ಡಕ್ಕೆ ಬರುವ ಹಾಗೆ ಇಡಿ. ನೆಟ್ಟಗೆ ಇಟ್ಟರೆ ಒಂದರ ತೊಟ್ಟು ಮೇಲಿನದರ ಹೊಟ್ಟೆಗೆ ಚುಚ್ಚುತ್ತದೆ. ಕೆಂಪು ಪಕ್ಕ ಕೆಂಪು ಇಟ್ಟರೆ ಎರಡೂ ಮಂಕು, ನಡುವೆ ಹಸಿರು ಇಟ್ಟು ನೋಡಿ.

ಆ ಬಾಳೆಗೊನೆ ಸೇಬಿನ ಪಕ್ಕ ಇದೆಯಾ? ಇದ್ದರೆ ಇವತ್ತೇ ಎತ್ತಿ. ಸೇಬು ಎಥಿಲೀನ್ ಅಂತ ಒಂದು ಅನಿಲ ಬಿಡುತ್ತದೆ. ಅದು ತಾಗಿದರೆ ಬಾಳೆ ಬೇಗ ಹಣ್ಣಾಗಿ ಕಪ್ಪಾಗುತ್ತದೆ, ಸೌತೆಕಾಯಿ ಹಳದಿಯಾಗುತ್ತದೆ, ಹರಿವೆ ಸೊಪ್ಪು ಬಾಡುತ್ತದೆ. ಕಾಯಿ ಚಿಕ್ಕು ಹಣ್ಣಾಗಬೇಕಾದರೆ ಒಂದು ಸೇಬಿನ ಜೊತೆ ಚೀಲದಲ್ಲಿ ಕಟ್ಟಿಡಬಹುದು, ಅಷ್ಟು ಜೋರು.

ಚೌತಿಗೆ ಒಂದು ಕಿವಿಮಾತು. ಗಣಪತಿ ಮೇಲ್ಗಡೆ ಹಣ್ಣು, ಕಾಯಿ ಕಟ್ಟಿ ತೂಗುಹಾಕುವ ಫಲಾವಳಿಗೆ ಸಣ್ಣ ಸೇಬು ಬೇಕಾಗುತ್ತದೆ, ಗಟ್ಟಿ ತೊಟ್ಟು ಇರುವುದು, ದಾರ ಕಟ್ಟಲು. ದೊಡ್ಡದು ಕಟ್ಟಿದರೆ ಗಣಪತಿ ತಲೆ ಮೇಲೆ ಬಿದ್ದೀತು. ಸಣ್ಣವನ್ನು ಆರಿಸಿ ಬೇರೆ ಬುಟ್ಟಿಯಲ್ಲಿ ಇಡಿ, ಬಿಡಿ ಲೆಕ್ಕದಲ್ಲಿ ಮಾರಿ, ಕೆಜಿ ಲೆಕ್ಕ ಬೇಡ.

ಭಟ್ಕಳ ಬಜಾರ್

ಅಕ್ಕ ಹೇಳಿದ್ದು ಚೆನ್ನಾಗಿದೆ, ಆದರೆ ಬೋರ್ಡು ಎಲ್ಲಾ ಕಡೆ ನಡೆಯುವುದಿಲ್ಲ. ಹೊಸ ಕೊಯ್ಲು ಅಂತ ಒಂದಕ್ಕೆ ಬರೆದರೆ ಬರೆಯದೆ ಇದ್ದದ್ದು ಹಳೇದು ಅಂತ ಜನರಿಗೆ ತಿಳಿಯುವುದಿಲ್ಲವಾ? ಹೋದ ವರ್ಷದ ಮಾಲು ಅಂತ ಗೊತ್ತಾದರೆ ಯಾರು ಮುಟ್ಟುತ್ತಾರೆ? ನಮ್ಮಲ್ಲಿ ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಹಣ್ಣು ಹೋಗುವ ವೇಗಕ್ಕೆ ಬೋರ್ಡು ಓದುವ ಪುರುಸೊತ್ತು ಯಾರಿಗೂ ಇಲ್ಲ. ಸಂಜೆ ಐದರಿಂದ ಆರೂವರೆ, ಅಷ್ಟರಲ್ಲೇ ದಿನದ ವ್ಯಾಪಾರ. ಆಗ ರಾಶಿಯೇ ಬೇಕು, ರಾಶಿ ನೋಡಿಯೇ ಜನ ನಿಲ್ಲುತ್ತಾರೆ.

ನನ್ನ ಸಲಹೆ ಒಂದೇ. ಐದು ತರಹ ಯಾಕೆ ಇಟ್ಟುಕೊಂಡಿದ್ದೀರಿ? ಸಣ್ಣ ಅಂಗಡಿಗೆ ಎರಡು ಸಾಕು. ಒಂದು ಅಗ್ಗದ್ದು, ಒಂದು ದುಬಾರಿ. ಐದು ಇಟ್ಟರೆ ಐದೂ ಅರ್ಧರ್ಧ ಉಳಿಯುತ್ತವೆ.

ಕಡಲ ತೀರದ ಮೇಷ್ಟ್ರು

ನಾನು ವ್ಯಾಪಾರಿ ಅಲ್ಲ, ಕಾರವಾರದ ನಿವೃತ್ತ ಮೇಷ್ಟ್ರು. ಕೊಳ್ಳುವವನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ.

ಒಂದು ಅಂಗಡಿಯಲ್ಲಿ, ಹೆಸರು ಬೇಡ, ಸೇಬಿನ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಮಾಡಿನ ಹಾಗೆ ಕಟ್ಟಿ ಅದರೊಳಗೆ ಬಲ್ಬು ಹಾಕಿದ್ದರು. ಅಲ್ಲಿ ನೋಡಿದರೆ ಕಾಯಿ ಸೇಬೂ ಮದುಮಗಳ ಹಾಗೆ ಕಾಣುತ್ತಿತ್ತು. ಮನೆಗೆ ತಂದು ಮೇಜಿನ ಮೇಲೆ ಇಟ್ಟರೆ ಬಣ್ಣವೇ ಬೇರೆ. ಹೆಂಡತಿ "ಕನ್ನಡಕ ಬದಲಿಸಿ" ಅಂದಳು. ಆ ಅಂಗಡಿಗೆ ಮತ್ತೆ ಹೋಗಲಿಲ್ಲ. ಬಿಳಿ ಬೆಳಕು ಹಾಕಿ ಮಾರಾಯ್ರೆ, ನಮ್ಮ ಕಣ್ಣಿಗೆ ನಾವೇ ನೋಡಿಕೊಳ್ಳುತ್ತೇವೆ.

ಎರಡನೆಯದು, ಸ್ಟಿಕ್ಕರ್. ಸ್ಟಿಕ್ಕರ್ ಇದ್ದರೆ ವಿದೇಶಿ ಅಂತ ಹೇಳಿ 40 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ನಾಲ್ಕು ಅಂಕಿಯ ನಂಬರ್ ಇದ್ದರೆ ಸ್ವಲ್ಪ ಅರ್ಥ ಇದೆ. ನಾನು ಕುತೂಹಲಕ್ಕೆ ತಿಳಿದುಕೊಂಡದ್ದು, 4016 ದೊಡ್ಡ ರೆಡ್ ಡೆಲಿಶಿಯಸ್, 4017 ದೊಡ್ಡ ಹಸಿರು ಗ್ರಾನಿ ಸ್ಮಿತ್, 4131 ಫ್ಯೂಜಿ, 4135 ಗಾಲಾ. ಆದರೆ ಅದು ಜಾತಿ ಮತ್ತು ಗಾತ್ರವನ್ನು ಹೇಳುತ್ತದೆ, ರುಚಿಯನ್ನಲ್ಲ, ಕೊಯ್ದ ದಿನವನ್ನೂ ಅಲ್ಲ. ನಂಬರೇ ಇಲ್ಲದೆ ಬರೀ ಹೂವಿನ ಚಿತ್ರ, "ಸೂಪರ್ ಕ್ವಾಲಿಟಿ" ಅಂತ ಇರುವ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು.

ಮೂರನೆಯದು ಮೇಣ. ಉಗುರಿನಿಂದ ಕೆರೆದು "ನೋಡಿ ಮೇಣ" ಅಂತ ಅಂಗಡಿಯವರನ್ನು ಬೈಯುವವರು ನಮ್ಮ ಪೇಟೆಯಲ್ಲಿ ಬಹಳ. ಸೇಬಿಗೆ ಹುಟ್ಟಿನಿಂದಲೇ ಸ್ವಲ್ಪ ಮೇಣ ಇರುತ್ತದೆ. ತೊಳೆದಾಗ ಅದು ಹೋಗುವುದರಿಂದ ಪ್ಯಾಕ್ ಮಾಡುವವರು ತೆಳ್ಳಗೆ ಮತ್ತೆ ಹಚ್ಚುತ್ತಾರೆ. ಜೇನುಮೇಣ, ಕಾರ್ನೌಬಾ ಅನ್ನುವ ಗಿಡದ ಮೇಣ, ಅರಗಿನ ಮೇಣ, ಇವಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅನುಮತಿ ಇದೆ, ಹಚ್ಚಿದ್ದನ್ನು ಲೇಬಲ್‌ನಲ್ಲಿ ಹೇಳಬೇಕು. ಅಂಗಡಿಯವರು ಎಣ್ಣೆ ಬಟ್ಟೆಯಲ್ಲಿ ಒರೆಸಿ ಹೊಳಪು ಕೊಡುವುದು ಬೇರೆ ವಿಷಯ. ಅದನ್ನು ಮಾಡಬೇಡಿ, ವಾಸನೆ ಬರುತ್ತದೆ.

ನಾಲ್ಕನೆಯದು ನನ್ನ ಬೇಡಿಕೆ. ಒಂದು ಹಣ್ಣು ಕೊಯ್ದು ತುಂಡು ಕೊಡಿ. ರವಿವಾರದ ಸಂತೆಯಲ್ಲಿ ಕಲ್ಲಂಗಡಿಯವರು ಕೊಡುತ್ತಾರೆ, ಸೇಬಿನವರಿಗೆ ಎಂತ ಕಷ್ಟ? ಇನ್ನೂ ಒಂದು ಗುಟ್ಟು ಹೇಳುತ್ತೇನೆ. ಕೆಂಪನ್ನು ನೋಡಬೇಡಿ, ತೊಟ್ಟಿನ ಗುಳಿಯ ಸುತ್ತ ಇರುವ ಅಡಿಬಣ್ಣ ನೋಡಿ. ಅದು ಕಡುಹಸಿರಿದ್ದರೆ ಬಲಿತಿಲ್ಲ, ತಿಳಿಹಳದಿಗೆ ತಿರುಗಿದ್ದರೆ ಹಣ್ಣಾಗಿದೆ. ಕೆಂಪು ಬರುವುದು ಬಿಸಿಲು, ಚಳಿಯ ಆಟ.

ಕುಮಟಾದ ಕಟ್ಟೆ

ಅಯ್ಯೋ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಉಪಕಾರ ಆಯಿತು.

ಬಾಳೆಗೊನೆ ಸೇಬಿನ ತಲೆ ಮೇಲೇ ನೇತಾಡುತ್ತಿತ್ತು. ಬಾಳೆ ಯಾಕೆ ಎರಡೇ ದಿನಕ್ಕೆ ಕಪ್ಪಾಗುತ್ತದೆ ಅಂತ ಗೊನೆ ಕೊಟ್ಟವರ ಜೊತೆ ಜಗಳ ಆಡಿದ್ದೆ. ಈಗ ಅವರ ಮುಖ ಹೇಗೆ ನೋಡುವುದೋ.

ಭಟ್ಕಳದ ಅಣ್ಣಾ, ಐದು ತರಹ ನಾನು ಕೇಳಿ ತಂದದ್ದಲ್ಲ. ರಾಯಲ್ ಬೇಕಾದರೆ ಇದನ್ನೂ ತೆಗೆದುಕೋ ಅಂತ ಜೊತೆಗೆ ಸೇರಿಸಿ ಕೊಡುತ್ತಾರೆ. ಹೊಸಬ ಅಂತ ಗೊತ್ತಾಗಿದೆ ಅವರಿಗೆ.

ಒಂದು ಪ್ರಶ್ನೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಹಣ್ಣೆಲ್ಲಾ ಒದ್ದೆ ಆಗುತ್ತದೆ, ನೀರು ಹನಿ ಹನಿ. ಒರೆಸಿ ಇಡುತ್ತಿದ್ದೇನೆ. ಸರಿಯಾ? ಮತ್ತೆ ಪೆಟ್ಟಿಗೆ ಮೇಲೆ 100, 125 ಅಂತೆಲ್ಲಾ ಬರೆದಿರುತ್ತದಲ್ಲ, ಅದು ಎಂತ?

ಘಟ್ಟದ ಗಾಡಿ

ಆ ನಂಬರು ಪೆಟ್ಟಿಗೆಯಲ್ಲಿ ಎಷ್ಟು ಹಣ್ಣು ಅಂತ. ನಂಬರು ದೊಡ್ಡದಾದರೆ ಹಣ್ಣು ಸಣ್ಣದು. ಅಮೆರಿಕದ ಪೆಟ್ಟಿಗೆ ಸುಮಾರು 18 ಕೆಜಿ. 100 ಅಂತ ಇದ್ದರೆ ಒಂದೊಂದು 180 ಗ್ರಾಂ, 150 ಅಂತ ಇದ್ದರೆ 120 ಗ್ರಾಂ. ಅಕ್ಕ ಹೇಳಿದ ಕೊಡುವ ಸೇಬಿಗೆ 100, ಡಬ್ಬಿಗೆ, ಫಲಾವಳಿಗೆ 150 ಅಥವಾ 175 ಕೇಳು. ಹಿಮಾಚಲದ್ದು 2024ರಿಂದ ಒಂದೇ ಅಳತೆಯ ಪೆಟ್ಟಿಗೆ, 20 ಕೆಜಿ. ಮೊದಲು ಒಂದರೊಳಗೆ ಒಂದು ಕೂರುವ ರಟ್ಟಿನ ಪೆಟ್ಟಿಗೆಯಲ್ಲಿ ಮೇಲೆ ಮೇಲೆ ತುಂಬಿ ಕಳಿಸುತ್ತಿದ್ದರು, ಬೆಳೆಗಾರರಿಗೆ ಲುಕ್ಸಾನು, ಅಡಿಯ ಹಣ್ಣು ಜಜ್ಜಿ ಬರುತ್ತಿತ್ತು. ಏನೇ ಇರಲಿ, ಪೆಟ್ಟಿಗೆ ಇಳಿಸಿಕೊಳ್ಳುವಾಗ ಅಡಿಯ ಸಾಲು ಎತ್ತಿ ನೋಡದೆ ದುಡ್ಡು ಕೊಡಬೇಡ.

ಒದ್ದೆ ಆಗುವುದಕ್ಕೆ ಕಾರಣ ನಮ್ಮ ಕರಾವಳಿ ಗಾಳಿ. ಹಣ್ಣು ತಣ್ಣಗೆ ಬಂದಿರುತ್ತದೆ, ನಿನ್ನ ಅಂಗಡಿಯ ಸೆಕೆ ಗಾಳಿ ತಾಗಿದ ಕೂಡಲೇ ಬೆವರುತ್ತದೆ, ತಣ್ಣೀರು ಹಾಕಿದ ಲೋಟದ ಹಾಗೆ. ಒದ್ದೆ ಬಟ್ಟೆಯಲ್ಲಿ ಎಲ್ಲದಕ್ಕೂ ಒರೆಸಿದರೆ ಒಂದು ಕೊಳೆತ ಹಣ್ಣಿನ ಬೂಸರನ್ನು ಉಳಿದ ಎಲ್ಲದಕ್ಕೂ ಹಚ್ಚಿದ ಹಾಗೆ. ಪೆಟ್ಟಿಗೆ ಬಂದ ಮೇಲೆ ಬಿಚ್ಚದೆ ಒಳಗೆ ನೆರಳಲ್ಲಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಒಂದು ರಾತ್ರಿ ಇಡು. ಬೆಳಿಗ್ಗೆ ಬಿಚ್ಚು. ಬೆವರು ಬರುವುದಿಲ್ಲ. ಕಟ್ಟೆಗೆ ಆ ದಿನಕ್ಕೆ ಬೇಕಾದಷ್ಟೇ ತೆಗೆ, ಉಳಿದದ್ದು ಪೆಟ್ಟಿಗೆಯಲ್ಲೇ ಇರಲಿ. ಮೂರು ಗಂಟೆಗೆ ಗೋಣಿಪರದೆ ಇಳಿಸು. ಫ್ರಿಜ್ ಇಲ್ಲದವನಿಗೆ ಅಷ್ಟೇ ಫ್ರಿಜ್.

ಮಳೆ ಜೋರಿದ್ದರೆ ಎರಡು ದಿನದ ಮಾಲು ಜಾಸ್ತಿ ತರಿಸಿ ಇಟ್ಟುಕೊಳ್ಳಬೇಕಾ ಅಂತ ಮುಂದೆ ಕೇಳುತ್ತೀಯ, ಗೊತ್ತು. 2024ರ ಜುಲೈಯಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್. ಅಲ್ಲಿ ಜನರೇ ಹೋದರು, ಅದರ ಮುಂದೆ ಹಣ್ಣಿನ ಮಾತು ಆಡಬಾರದು. ಆದರೆ ಆವತ್ತಿನಿಂದ ನಾನು ಯಾರಿಗೂ ಇಷ್ಟು ದಿನಕ್ಕೆ ಗಾಡಿ ಬಂದೇ ಬರುತ್ತದೆ ಅಂತ ಮಾತು ಕೊಡುವುದಿಲ್ಲ. ಹಬ್ಬದ ಮಾಲನ್ನು ನಾಲ್ಕು ದಿನ ಮೊದಲೇ ಇಳಿಸಿಕೋ, ಅದೂ ರಾಯಲ್ ಮಾತ್ರ.

ಶಿರಸಿ ಅಕ್ಕ

ಭಟ್ಕಳದವರ ಮಾತಿಗೆ ಉತ್ತರ. ಹಳೇ ಮಾಲು ಅಂತ ಬರೆಯಿರಿ ಅಂತ ನಾನು ಹೇಳಲಿಲ್ಲ ಅಣ್ಣಾ. "ಸ್ಟೋರೇಜಿನದ್ದು, ಮೆತ್ತಗೆ, ಇವತ್ತು ನಾಳೆ ತಿನ್ನಲು" ಅಂತ ಬರೆದು 30 ರೂಪಾಯಿ ಕಡಿಮೆ ಮಾಡಿದೆ. ಹಲ್ಲಿಲ್ಲದ ಅಜ್ಜಂದಿರು ಅಂದೆನಲ್ಲ, ಅವರಿಗೆ ಮೆತ್ತಗಿನದ್ದೇ ಬೇಕು. ಜ್ಯೂಸ್ ಅಂಗಡಿಯವರೂ ತೆಗೆದುಕೊಂಡು ಹೋಗುತ್ತಾರೆ. ಬಚ್ಚಿಟ್ಟು ಮಾರಿದರೆ ಅದೇ ಹಣ್ಣು ಮರುದಿನ ವಾಪಸ್ ಬರುತ್ತದೆ, ಜೊತೆಗೆ ಅರ್ಧ ಗಂಟೆ ಭಾಷಣ.

ರಂಜಾನ್ ರಾಶಿಯ ಮಾತು ಮಾತ್ರ ಒಪ್ಪಿದೆ. ಒಂದೂವರೆ ಗಂಟೆಯಲ್ಲಿ ಖಾಲಿ ಆಗುವ ರಾಶಿ ಜಜ್ಜಿ ಹೋಗುವಷ್ಟು ಹೊತ್ತು ಅಲ್ಲಿ ಇರುವುದೇ ಇಲ್ಲ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ನಾನೂ ಗುಡ್ಡವೇ ಹಾಕುತ್ತೇನೆ. ದಿನದ ವ್ಯಾಪಾರಕ್ಕೆ ಅದು ಬೇಡ.

ಮತ್ತೆ ತಮ್ಮಾ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೈಯಾಡಿಸಿ ಕೆಟ್ಟದ್ದನ್ನು ತೆಗೆಯಿರಿ. ನೀಲಿ ಬೂಸರು ಬಂದದ್ದು ಒಂದಿದ್ದರೆ ಸುತ್ತಲಿನ ನಾಲ್ಕನ್ನೂ ನೋಡಿ. ಶಿರಸಿ ಸ್ವಲ್ಪ ಎತ್ತರದ ಊರು, ತಂಪು ಇದೆ, ನನಗೆ ನಡೆಯುತ್ತದೆ. ನಿಮಗೆ ಕುಮಟಾದಲ್ಲಿ ದಿನ ಬಿಟ್ಟರೆ ಕೆಟ್ಟಿತು.

ಕುಮಟಾದ ಕಟ್ಟೆ

ಚೌತಿ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಹಳೇ ಬಾಗಿಲಿನ ಹಲಗೆ ಇತ್ತು, ಇಳಿಜಾರು ಮಾಡಿದೆ. ಕೊಡುವ ಸೇಬು, ತಿನ್ನುವ ಸೇಬು ಅಂತ ಅಕ್ಕನ ಬೋರ್ಡನ್ನೇ ಕದ್ದೆ. ಅಪ್ಪ ಮೊದಲ ದಿನ ಓದಿ "ಎಲ್ಲಾ ತಿನ್ನುವುದೇ ಅಲ್ಲವೇನೋ" ಅಂತ ನಕ್ಕರು. ಮೂರನೇ ದಿನ ಅವರೇ ಗಿರಾಕಿಗಳಿಗೆ "ಆಸ್ಪತ್ರೆಗಾದರೆ ಈ ಬದಿ" ಅಂತ ಹೇಳುತ್ತಿದ್ದರು. ಆರರ ಕಟ್ಟು ಹಬ್ಬದ ಹಿಂದಿನ ಎರಡು ದಿನದಲ್ಲಿ 31 ಹೋಯಿತು. ಫಲಾವಳಿ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿ. ತೊಟ್ಟು ಇಲ್ಲದ್ದನ್ನು ಒಬ್ಬರೂ ಮುಟ್ಟಲಿಲ್ಲ, ಅದು ನಿಜ.

ರಾಯಲ್ ನಾಲ್ಕು ಪೆಟ್ಟಿಗೆ ತಂದಿದ್ದೆ. ಮೂರರಲ್ಲಿ ಹಾಳಾದದ್ದು ಪೆಟ್ಟಿಗೆಗೆ ಒಂದು ಕೆಜಿ ಒಳಗೆ. ನಾಲ್ಕನೆಯದನ್ನು ಗಡಿಬಿಡಿಯಲ್ಲಿ ಬಂದ ಕೂಡಲೇ ಬಿಚ್ಚಿದೆ. ಹೊರಗೆ ಧೋ ಅಂತ ಮಳೆ, ಬೆವರಿತು, ಹಾಗೇ ಒದ್ದೆಯಲ್ಲೇ ಪೇರಿಸಿದೆ. ಮೂರನೇ ದಿನಕ್ಕೆ ಬೂಸರು. ಘಟ್ಟದ ಅಣ್ಣ ಹೇಳಿದ್ದನ್ನು ಒಂದೇ ಸಲ ಮರೆತೆ, ಒಂದೇ ಸಲಕ್ಕೆ ಕೈ ಕೊಟ್ಟಿತು.

ಕಾಶ್ಮೀರಿ ಅಂತ ಕೊಟ್ಟದ್ದನ್ನು ಕೊಯ್ದು ನೋಡಿದೆ. ಹಿಟ್ಟೇ. ಅರ್ಧ ಜ್ಯೂಸಿಗೆ ಹೋಯಿತು, ಉಳಿದದ್ದು ಅಸಲಿಗೆ ಕಳೆದೆ. ಮುಂದಿನ ಸಲ ಗಂಟು ಹಾಕಲು ಬಂದರೆ ಬಿಚ್ಚಿ ತೋರಿಸಿ ಅಂತ ಹೇಳುತ್ತೇನೆ.

ಈಗ ಉಳಿದಿರುವುದು ಹಸಿರು. ಉಪ್ಪು ಖಾರ ಅಂತ ಬರೆದಿದ್ದಕ್ಕೆ ಕಾಲೇಜು ಹುಡುಗಿಯರು ಸ್ವಲ್ಪ ಒಯ್ದರು. ಇನ್ನೂ 4 ಕೆಜಿ ಇದೆ. ಎಂತ ಮಾಡುವುದು?

ಶಿರಸಿ ಅಕ್ಕ

ಅಪ್ಪೆಹುಳಿ ಅಂದರೆ ನಮ್ಮ ಕಡೆಯ ಮಾವಿನಕಾಯಿಯ ತೆಳ್ಳನೆ ಹುಳಿ ಸಾರು, ಆದರೆ ಮಾವಿನಕಾಯಿ ಇಲ್ಲದ ಕಾಲ ಇದು. "ಅಪ್ಪೆಹುಳಿಗೆ ಆಗುತ್ತದೆ" ಅಂತ ಬರೆದು ನೋಡಿ. ನಾನು ಮನೆಯಲ್ಲಿ ಮಾಡಿದ್ದೇನೆ, ಬೇಯಿಸಿ ಕಿವುಚಿ, ಇಂಗು, ಸೂಜಿಮೆಣಸಿನ ಒಗ್ಗರಣೆ. ಅಪ್ಪೆ ಮಾವಿನ ಮಿಡಿಯ ಪರಿಮಳ ಎಲ್ಲಿಂದ ಬರಬೇಕು, ಆದರೆ ಹುಳಿ ಹುಳಿಯೇ.

ಕುಮಟಾದ ಕಟ್ಟೆ

ಬರೆದೆ. ಬೆಳಿಗ್ಗೆ ಒಬ್ಬರು ಅಜ್ಜಿ ಬೋರ್ಡು ಓದಿ, "ಸೇಬಿನ ಅಪ್ಪೆಹುಳಿಯಂತೆ, ಇನ್ನು ದ್ರಾಕ್ಷಿ ತಂಬುಳಿ ಮಾಡು" ಅಂತ ಬೈದು ಹೋದರು. ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು ಎರಡು ತೆಗೆದುಕೊಂಡರು.